ನಬಿಸಾಬರ ಸುದ್ದಿಗೆ ಫೈವ್ ನೈನ್

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಮ್ಮ ಮನೆಗೂ ನಬಿಸಾಬರ ಮನೆಗೂ ನಡುವೆ ಒಂದೇ ಗೋಡೆ. ಎದೆಯುದ್ದದ ಗೋಡೆ, ಆದ್ದರಿಂದ ಆಚೆಯ ಒಗ್ಗರಣೆ, ಕೆಮ್ಮು, ಜಗಳ ಎಲ್ಲವೂ ಈಚೆಗೆ ಬರುತ್ತವೆ. ಅವರ ಮಾಳಿಗೆಯ ಮೇಲೆ ಒಂದು ಕಬ್ಬಿಣದ ಕಂಬ, ಆ ಕಂಬದಿಂದ ನಮ್ಮ ಬೇವಿನ ಗಿಡಕ್ಕೆ ಒಂದು ತಂತಿ. ತಂತಿ ಕಟ್ಟುವಾಗ ಏಣಿ ಹಿಡಿದು ನಿಂತವರು ನನ್ನ ಮನೆಯವರು. ಅವರು ತೀರಿಕೊಂಡರು, ತಂತಿ ಉಳಿದಿದೆ. ಅದರ ಮೇಲೆ ಪಾರಿವಾಳಗಳು ಕೂತು, ಒಗೆದು ಹಾಕಿದ ನನ್ನ ಸೀರೆಯ ಮೇಲೆ ಹೇಸಿಗೆ ಮಾಡುತ್ತವೆ. ಆ ಹೇಸಿಗೆ ಉಜ್ಜಿ ತೊಳೆದರೆ ಹೋಗುತ್ತದೆ. ಹೋದ ವರ್ಷ ನಾನು ಕಮಲಾಪುರದಲ್ಲಿ ಕಂಡದ್ದು ಇನ್ನೂ ಹೋಗಿಲ್ಲ.

ನಬಿಸಾಬರು ಹುಟ್ಟಿದ್ದು ಆ ಕಮಲಾಪುರದಲ್ಲೇ. ತಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಬಾಳೆಹಣ್ಣು ಮಾರುತ್ತಿದ್ದರು. ನಬಿಸಾಬರು ದೊಡ್ಡವರಾಗಿ ಕಲಬುರಗಿಗೆ ಬಂದು, ನಂದೂರಿನ ಒಂದು ಬೇಳೆ ಮಿಲ್ಲಿಗೆ ಸೇರಿ, ಅಲ್ಲಿಯೇ ಜರಡಿಯ ಮುಂದೆ ನಿಂತು ಮುದುಕರಾದರು. ಮಿಲ್ಲಿನ ಗದ್ದಲದಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ತಿರುಗಿ ಕೂಗೋಣವೆಂದು ಬಾಯಿ ತೆರೆದರೆ ತೊಗರಿಯ ಧೂಳು ಒಳಗೆ ಹೋಗುತ್ತದೆ. ಹಾಗಾಗಿ ದಿನವಿಡೀ ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಿದ್ದರು. ಸಂಜೆ ಮನೆಗೆ ಬಂದರೆ ಅವರಿಗೆ ಊಟಕ್ಕಿಂತ ಮಾತಿನ ಹಸಿವು ಹೆಚ್ಚು.

"ಮಿಲ್ಲಿನ್ಯಾಗ ನನ್ನ ಗಂಟಲ ಸುಮ್ಕ ಕೂತಿರ್ತದ ಅಕ್ಕಾ, ಮನ್ಯಾಗ ಬೇಗಂಗ ನನ್ನ ಮಾತ ಬ್ಯಾಡ. ಎಲ್ಲಿಗೆ ಒಯ್ಲಿ ಇದನ್ನ?" ಎನ್ನುತ್ತಿದ್ದರು.

ಒಯ್ಯಲು ಒಂದು ಜಾಗ ಸಿಕ್ಕಿತು. ಶರಣಬಸವೇಶ್ವರ ಗುಡಿಯ ಕಡೆ ಕೆಲವರು ಸೇರಿ ಹವ್ಯಾಸಿ ರೇಡಿಯೋ ಕ್ಲಬ್ ಮಾಡಿಕೊಂಡಿದ್ದರು. ಇದು ಹಾಡು ಬರುವ ರೇಡಿಯೋ ಅಲ್ಲ. ಸರಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡವರು ತಮ್ಮ ತಮ್ಮ ಮನೆಯಲ್ಲಿ ಸೆಟ್ ಇಟ್ಟುಕೊಂಡು, ಒಬ್ಬರು ಗುಂಡಿ ಒತ್ತಿ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಮಾತಾಡಿದವರು ಗುಂಡಿ ಬಿಟ್ಟು "ಓವರ್" ಅಂದ ಮೇಲೆ ಇನ್ನೊಬ್ಬರ ಸರದಿ. ನಬಿಸಾಬರು ಆ ಪರೀಕ್ಷೆಗೆ ಕೂತರು. ಟಕ್ಕ ಟಕ್ಕ ಎಂದು ತಂತಿ ಕೊಡುವುದನ್ನೂ ಆಗ ಕಲಿಯಬೇಕಿತ್ತು. ಉಣ್ಣಲು ಕೂತಾಗಲೂ ಚಮಚದಿಂದ ತಾಟನ್ನು ಕುಟ್ಟುತ್ತಿದ್ದರು. ಅವರ ಹೆಂಡತಿ ಇಕ್ಬಾಲ್ ಬೇಗಂ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು: "ಅಜೀ, ರೊಟ್ಟಿ ಕೇಳಾಕತ್ತೀರೋ, ನಿಮ್ಮ ಮಾವಗ ತಾರ ಹೊಡ್ಯಾಕತ್ತೀರೋ?"

ಪಾಸಾದರು. ಲೈಸೆನ್ಸ್ ಬಂತು. ಮಿಲ್ಲು ಬಿಟ್ಟ ಮೇಲೆ ಕ್ಲಬ್ಬಿನವರು ಅವರಿಗೊಂದು ಕೆಲಸ ಕೊಟ್ಟರು. ರವಿವಾರ ಮುಂಜಾನೆ ಸದಸ್ಯರೆಲ್ಲ ಸೆಟ್ ಹಚ್ಚಿಕೊಂಡು ಕೂಡುವ ಹೊತ್ತಿನಲ್ಲಿ ನಬಿಸಾಬರು ಸುದ್ದಿ ಓದಬೇಕು. ಮೊದಲು ಕ್ಲಬ್ಬಿನ ಸುದ್ದಿ: ಯಾರು ಪರೀಕ್ಷೆ ಪಾಸಾದರು, ಯಾರ ಮನೆಯ ರೇಡಿಯೋ ಕಂಬ ಗಾಳಿಗೆ ಬಿತ್ತು, ಯಾರು ತೀರಿಕೊಂಡರು. ಆಮೇಲೆ ನಮ್ಮ ನಾಡಿನ ಒಂದು ಸಂಗತಿ.

ಈ ಸಂಗತಿಗಾಗಿ ಅವರು ವಾರವಿಡೀ ಓಡಾಡುತ್ತಿದ್ದರು. ಕೋಟೆಯೊಳಗಿನ ಜಾಮಿ ಮಸೀದಿಗೆ ನಡುವೆ ಬಯಲಂಗಳವಿಲ್ಲ, ಇಡೀ ಮಸೀದಿಗೆ ಮೇಲ್ಛಾವಣಿ ಇದೆ ಎಂದು ಹೇಳುವ ಮೊದಲು ಮಳೆ ಬರುವ ದಿನ ನೋಡಿ ಹೋಗಿ ಒಳಗೆ ನಿಂತು ಬಂದರು. ಇನ್ನೊಂದು ವಾರ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ನಾ ಹುಟ್ಟಿದಾಗ ಕಮಲಾಪುರ ಹೈದರಾಬಾದ ರಾಜ್ಯದಾಗಿತ್ತು. ಸಾಲಿಗೆ ಹೋಗೂವಾಗ ಮೈಸೂರ ರಾಜ್ಯ. ಮದುವಿ ಆಗೂವಾಗ ಕರ್ನಾಟಕ. ನಮ್ಮ ಮನಿ ಮಾತ್ರ ಇದ್ದಲ್ಲೇ ಇತ್ತು." ಶನಿವಾರ ಸಂಜೆ ಗೋಡೆಗೆ ಮೊಳಕೈ ಊರಿ ಮೊದಲು ನನಗೆ ಹೇಳಿ ತೋರಿಸುತ್ತಿದ್ದರು. ನನಗೆ ತಿಳಿಯದ ಶಬ್ದ ಬಂದರೆ ಅದನ್ನು ತೆಗೆದು ಬೇರೆ ಹಾಕುತ್ತಿದ್ದರು.

ಓದಿ ಮುಗಿಸಿದ ಮೇಲೆ ಪ್ರತಿ ಸಲವೂ ಒಂದು ಮಾತು ಕೇಳುತ್ತಿದ್ದರು. "ಮುಟ್ಟಿತೇನ್ರಿ? ಮುಟ್ಟದಿದ್ರ ಹೇಳ್ರಿ, ಬಂದ್ ಮಾಡ್ತೀನಿ. ಗ್ವಾಡಿ ಜೋಡಿ ಮಾತಾಡೋದು ನನಗ ಬ್ಯಾಡ."

ಆಗ ಒಬ್ಬೊಬ್ಬರೇ "ಫೈವ್ ನೈನ್" ಅನ್ನುತ್ತಿದ್ದರು. ಅದು ಈ ರೇಡಿಯೋದವರ ಲೆಕ್ಕ. ಫೈವ್ ಅಂದರೆ ಮಾತು ಪೂರ್ತಿ ತಿಳಿಯಿತು, ನೈನ್ ಅಂದರೆ ಧ್ವನಿ ಪೂರ್ತಿ ಜೋರಾಗಿ ಬಂತು. ಅದಕ್ಕಿಂತ ಮೇಲೆ ಇಲ್ಲ. ಕೇಳದಿದ್ದರೆ ಕಡಿಮೆ ಹೇಳಬೇಕು: ಎರಡು ಮೂರು, ಮೂರು ನಾಲ್ಕು, ಹೀಗೆ. ನಬಿಸಾಬರು ಫೈವ್ ನೈನ್ ಕೇಳಿ ಸೆಟ್ ಬಂದ್ ಮಾಡಿ, ಹೊರಗೆ ಬಂದು ಇಕ್ಬಾಲ್ ಬೇಗಮಳಿಗೆ ಚಹಾ ಕೇಳುತ್ತಿದ್ದರು. ರವಿವಾರದ ಆ ಚಹಾ ಕುಡಿಯುವಾಗ ಅವರ ಮುಖ ನೋಡಬೇಕು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಾನು ಕಮಲಾಪುರಕ್ಕೆ ನನ್ನ ತಂಗಿ ಮಲ್ಲಿಕಾಳ ಮನೆಗೆ ಹೋಗಿದ್ದೆ. ಅವಳ ಮಗ ಶಿವಲಿಂಗ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಅವನೂ ಇದೇ ಕ್ಲಬ್ಬಿನ ಸದಸ್ಯ. ರವಿವಾರ ಮುಂಜಾನೆ, ನಬಿಸಾಬರ ಮಾತು ಗೋಡೆಯ ಮೇಲಿಂದ ಕೇಳಿದ್ದೇನೆ, ಗಾಳಿಯಲ್ಲಿ ಹೇಗೆ ಬರುತ್ತದೆ ನೋಡೋಣ ಎಂದು ಅವನ ಕೋಣೆಗೆ ಹೋದೆ.

ಕೋಣೆ ಅಂದರೆ ಹೆಸರಿಗೆ ಕೋಣೆ. ಮಂಚದ ಮೇಲೆ ಬೆವರಿನ ಬನಿಯನ್. ಸೆಟ್ಟಿನ ಪಕ್ಕದಲ್ಲಿ ಕತ್ತರಿಸಿದ ನೀರಿನ ಬಾಟಲಿ, ಅದರಲ್ಲಿ ಗುಟ್ಕಾ ಉಗುಳಿದ್ದು ಅರ್ಧ ತುಂಬಿತ್ತು. ಮೈಕಿನ ಜಾಳಿಗೆಯ ಮೇಲೆ ಜಿಡ್ಡು ಕಪ್ಪಾಗಿ ಕೂತಿತ್ತು. ಅದರ ಹತ್ತಿರ ಬಾಯಿ ಹೇಗೆ ತರುತ್ತಾನೋ ಅನಿಸಿತು. ಶಿವಲಿಂಗ ಒಂದು ಕೈಯಲ್ಲಿ ಫೋನ್ ಹಿಡಿದು ಯಾವುದೋ ಕುಣಿತ ನೋಡುತ್ತ, ಇನ್ನೊಂದು ಕೈಯಿಂದ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ.

ಸೆಟ್ಟಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಗುರುಪ್ರಸಾದರ ಧ್ವನಿ ಬಂತು. ಅವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಪ್ರತಿ ಶಬ್ದವನ್ನೂ ತೂಗಿ ಇಡುವವರು. "ಈಗ ನಮ್ಮ ಹಿರಿಯರಾದ ನಬಿಸಾಬ್ ಅವರಿಂದ ಕ್ಲಬ್ ಸುದ್ದಿ ಹಾಗೂ ನಾಡಿನ ಸಂಗತಿ. ಬರ್ರಿ ನಬಿಸಾಬ್. ಓವರ್."

ಆಮೇಲೆ ಬರೀ ಸುಯ್ ಎನ್ನುವ ಸದ್ದು. ಎಣ್ಣೆ ಕಾಯುವಾಗ ಬರುತ್ತದಲ್ಲ, ಹಾಗೆ. ನಾನು ಕಿವಿಗೊಟ್ಟು ಕೂತೆ. ಮಾತಿಲ್ಲ.

"ಏನಾತೋ? ಸೆಟ್ ಕೆಟ್ಟದೇನು?" ಎಂದೆ.

"ಇಲ್ಲ ದೊಡ್ಡವ್ವಾ. ಓದಾಕತ್ತಾರ."

"ಎಲ್ಲಿ ಓದಾಕತ್ತಾರ? ನನಗೇನೂ ಕೇಳವಲ್ದು."

"ನಮಗೂ ಕೇಳಂಗಿಲ್ಲ ಬಿಡು. ಅವರ ಸೆಟ್ಟಿನ್ಯಾಗ ಕಳಸೋದು ಹೋಗ್ಯಾದ. ಕೇಳಸೋದು ಸರಿ ಅದ."

ಹೋಗಿದ್ದು ಗೊತ್ತಿದ್ದರೆ ಅವರಿಗೆ ಹೇಳಿದ್ದೀರಾ ಎಂದು ಕೇಳುವುದರೊಳಗೆ ಗುರುಪ್ರಸಾದರು ಮತ್ತೆ ಬಂದು "ಫೈವ್ ನೈನ್" ಅಂದರು. ಆಮೇಲೆ ಇಬ್ಬರು ಅಂದರು. ಆಮೇಲೆ ನನ್ನ ತಂಗಿಯ ಮಗ, ಬಾಯೊಳಗಿನ ಬಿಸ್ಕೀಟನ್ನು ನುಂಗದೆ, ಫೋನಿನಿಂದ ಕಣ್ಣು ತೆಗೆಯದೆ, ಆ ಜಿಡ್ಡು ಮೈಕಿನ ಗುಂಡಿ ಒತ್ತಿದ. "ಫೈವ್ ನೈನ್ ನಬಿಸಾಬ್. ಕಮಲಾಪುರಕ್ಕ ಭಾರಿ ಮುಟ್ಟಾಕತ್ತೀರಿ."

ನನ್ನ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

"ಯಾಕ ಸುಳ್ಳ ಹೇಳ್ತಿ?"

"ಸುಳ್ಳಲ್ಲ ದೊಡ್ಡವ್ವಾ, ಪದ್ಧತಿ. ಫೈವ್ ನೈನ್ ಅಂತ ಎಲ್ಲಾರೂ ಎಲ್ಲಾರಿಗೂ ಕೊಡ್ತಾರ. ಕಡಿಮಿ ಕೊಟ್ರ ಮಂದಿ ಬ್ಯಾಸರ ಮಾಡಕೋತಾರ. ನಮಸ್ಕಾರ ಅಂದಂಗ ಅದು."

"ಮತ್ತ ಸೆಟ್ ಹೋಗ್ಯಾದಂತ ಹೇಳಬಾರದೇನೋ?"

"ಹೇಳಿದ್ರ ರಿಪೇರಿಗೆ ನಾವ ಹೋಗಬೇಕಲ್ಲ. ಮುದುಕ ಮನುಷ್ಯಾ, ಖುಷಿಲೇ ಅದಾನ. ಇರಲಿ ಬಿಡು."

ಮಲ್ಲಿಕಾ ಅಡುಗೆಮನೆಯಿಂದ ಊಟಕ್ಕೆ ಕರೆದಳು. ನನಗೆ ಆ ಮನೆಯಲ್ಲಿ ಅನ್ನ ಇಳಿಯಲಿಲ್ಲ. ಅವತ್ತೇ ಬಸ್ಸು ಹಿಡಿದು ವಾಪಸ್ಸು ಬಂದೆ.

ನಬಿಸಾಬರು ಗೋಡೆಯ ಹತ್ತಿರವೇ ನಿಂತಿದ್ದರು. "ಕೇಳಿದ್ರೇನ್ ಅಕ್ಕಾ? ಕಮಲಾಪುರದಾಗ ಹೆಂಗ ಬಂತು?" ಎಂದು ಅವರೇ ಕೇಳಿದರು. ಆ ಪ್ರಶ್ನೆಗೆ ಫೈವ್ ನೈನ್ ಎನ್ನುವುದು ನನಗೂ ಬಹಳ ಸುಲಭವಿತ್ತು.

"ಬರಲಿಲ್ರಿ. ಒಂದು ಅಕ್ಷರನೂ ಬರಲಿಲ್ಲ," ಎಂದೆ.

"ಶಿವಲಿಂಗ ಫೈವ್ ನೈನ್ ಅಂದನಲ್ಲ! ನಾನ ಕೇಳೀನಿ."

"ಅಂದ. ನಾ ಬಾಜೂಕ ಕುಂತಿದ್ದೆ. ಬಾಯಾಗ ಬಿಸ್ಕೀಟ ಇಟಗೊಂಡು ಅಂದ."

ಅವರಿಗೆ ಸಿಟ್ಟು ಬಂತು. ನನ್ನ ಮೇಲೆಯೇ ಬಂತು. ಒಳಗೆ ಹೋಗಿ ಒಂದು ಶಾಲು ತಂದು ಗೋಡೆಯ ಮೇಲೆ ಹಾಕಿದರು. ಬೇಸಿಗೆಯಲ್ಲಿ ಕ್ಲಬ್ಬಿನವರು ಅವರಿಗೆ ಸನ್ಮಾನ ಮಾಡಿ ಹೊದಿಸಿದ ಶಾಲು ಅದು. "ನನ್ನ ಮಾತು ಯಾರಿಗೂ ಮುಟ್ಟದಿದ್ರ ಇದನ್ನ ಯಾಕ ಹೊದಿಸ್ಯಾರ? ನಿಮಗ ಈ ರೇಡಿಯೋದು ಏನ ತಿಳೀತದ, ಅಕ್ಕಾ?"

"ನನಗ ರೇಡಿಯೋ ತಿಳ್ಯಂಗಿಲ್ರಿ. ಸೆಟ್ ಸುಮ್ಕ ಇತ್ತು, ಅದು ತಿಳೀತದ," ಎಂದು ಒಳಗೆ ಬಂದೆ.

ಆ ವಾರ ಗೋಡೆಯ ಹತ್ತಿರ ಅವರು ಬರಲಿಲ್ಲ. ಇಕ್ಬಾಲ್ ಬೇಗಮಳ ಧ್ವನಿ ಮಾತ್ರ ಕೇಳುತ್ತಿತ್ತು. "ನನ್ನ ಮ್ಯಾಲ ಯಾಕ ಒದರ್ತೀರಿ ಜೀ? ಬಸ್ ಹತ್ತರಿ, ಹೋಗಿ ಕುಂತು ಕೇಳ್ರಿ. ನಿಮ್ಮ ಕಿವಿ ಏನ ಮಿಲ್ಲಿನ್ಯಾಗ ಒತ್ತೆ ಇಟ್ಟೀರೇನು?"

ಶನಿವಾರ ಸಂಜೆ ಗೋಡೆಗೆ ಬಂದರು. ಸಂಗತಿ ಹೇಳಿ ತೋರಿಸಲಿಲ್ಲ. "ನಾಳೆ ನಾ ಸೆಟ್ ಹಚ್ಚಂಗಿಲ್ಲ. ಕಮಲಾಪುರಕ್ಕ ಹೋಗೂಣು, ನೀವೂ ಬರ್ರಿ. ಯಾರಿಗೂ ಹೇಳಬ್ಯಾಡ್ರಿ," ಎಂದರು.

ಮೊದಲ ಬಸ್ಸಿಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ ಹಾಕಿಕೊಂಡಿದ್ದರು. ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ನೀವು ತಪ್ಪ ತಿಳದಿರಬೇಕು ಅಕ್ಕಾ. ಹಂಗ ಆಗಿರಲಿ ಅಂತ ದುವಾ ಮಾಡಾಕತ್ತೀನಿ." ನನಗೂ ಹಾಗೇ ಆಗಲಿ ಅನಿಸಿತು. ನಾನು ಸುಳ್ಳಿಯಾದರೆ ಅವರ ರವಿವಾರ ಉಳಿಯುತ್ತಿತ್ತು.

ನಮ್ಮಿಬ್ಬರನ್ನು ಬಾಗಿಲಲ್ಲಿ ನೋಡಿ ಶಿವಲಿಂಗನ ಕೈ ಫೋನಿಗೆ ಹೋಯಿತು. ಗುರುಪ್ರಸಾದರಿಗೆ ಹೇಳಿಬಿಡಬೇಕು ಅನ್ನುವ ಆತುರ. ಹಿಂದಿನ ವಾರ ಹೊರಡುವಾಗಲೇ ನಾನು ಮಲ್ಲಿಕಾಳಿಗೆ ಎಲ್ಲ ಹೇಳಿದ್ದೆ. ಅವಳು ಬಂದು ಫೋನ್ ಕಸಿದುಕೊಂಡು ಸೆರಗಿನೊಳಗೆ ಹಾಕಿಕೊಂಡಳು. "ಹಿರ್ಯಾರು ಮನಿಗೆ ಬಂದಾರ. ಕುಂಡ್ರಾಕ ಹಾಸು, ಆ ಉಗುಳಿದ ಬಾಟ್ಲಿ ತಗದು ಒಗಿ," ಎಂದಳು.

ನಬಿಸಾಬರು ಮಂಚದ ಮೇಲೆ ಕೂತು ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡರು. ಸುದ್ದಿಯ ಹೊತ್ತಾಯಿತು. ಗುರುಪ್ರಸಾದರು ಎಂದಿನಂತೆ ಕರೆದರು: "ಬರ್ರಿ ನಬಿಸಾಬ್. ಓವರ್."

ಕಲಬುರಗಿಯ ಸೆಟ್ ಅವತ್ತು ಬಂದ್ ಇತ್ತು, ಅದರ ಮುಂದೆ ಯಾರೂ ಕೂತಿರಲಿಲ್ಲ. ಸುಯ್ ಎನ್ನುವ ಸದ್ದು ಬರುತ್ತಲೇ ಇತ್ತು. ನಬಿಸಾಬರು ಸೆಟ್ಟನ್ನೇ ನೋಡುತ್ತಿದ್ದರು. ಯಾರಾದರೊಬ್ಬರು ಬಂದು, ನಬಿಸಾಬ್, ಎಲ್ಲಿದ್ದೀರಿ, ಇವತ್ತು ಧ್ವನಿ ಇಲ್ಲವಲ್ಲ, ಮೈಗೆ ಹುಷಾರಿದೆಯೇ ಎಂದು ಕೇಳಿದರೆ ಸಾಕಿತ್ತು. ಯಾರೂ ಕೇಳಲಿಲ್ಲ. ಶಿವಲಿಂಗ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಸುದ್ದಿ ಓದುವಷ್ಟು ಹೊತ್ತು ಕಳೆಯಿತು.

ಗುರುಪ್ರಸಾದರು ಬಂದರು. "ಧನ್ಯವಾದ ನಬಿಸಾಬ್. ಫೈವ್ ನೈನ್. ಇವತ್ತಿನ ಸಂಗತಿ ಅಂತೂ ಅಗದೀ ಚಲೋ ಇತ್ತು. ಇಷ್ಟ ವರ್ಷ ಕಾಲೇಜಿನ್ಯಾಗ ಕಲಿಸಿದೆ, ನನಗೂ ಗೊತ್ತಿರಲಿಲ್ಲ ನೋಡ್ರಿ. ಅಣವೀರಪ್ಪನೋರೆ, ನಿಮ್ಮ ರಿಪೋರ್ಟ್?"

ಅಣವೀರಪ್ಪ ಬೇಳೆ ವ್ಯಾಪಾರಿ. ಹಲ್ಲುಜ್ಜುತ್ತ ಕೂತಿದ್ದನೋ ಏನೋ, ಮೊದಲು ಗುಳುಗುಳು ಸದ್ದು, ಆಮೇಲೆ ಮಾತು. "ಫೈವ್ ನೈನ್, ಫೈವ್ ನೈನ್. ಕ್ಲಬ್ ಸುದ್ದಿನೂ ಚಲೋ ಇತ್ರಿ."

ಆಮೇಲೆ ಮೊಬೈಲ್ ಅಂಗಡಿಯ ಪರ್ವೇಜ್. "ಫೈವ್ ನೈನ್ ಚಾಚಾ. ಆವಾಜ್ ಬಾಜೂಕ ಕುಂತಂಗ ಬರಾಕತ್ತದ."

"ಕಮಲಾಪುರ, ಶಿವಲಿಂಗ, ನಿಂದು?"

ಶಿವಲಿಂಗ ಕೈ ಚಾಚಲಿಲ್ಲ. ನಬಿಸಾಬರು ಎದ್ದು ಮೈಕ್ ತೆಗೆದುಕೊಂಡು, ಕಿಸೆಯಿಂದ ಕರ್ಚೀಫ್ ತೆಗೆದು ಅದರ ಜಾಳಿಗೆಯನ್ನು ಒರೆಸಿದರು. ಎರಡು ಸಲ ಒರೆಸಿದರು. ಆಮೇಲೆ ಗುಂಡಿ ಒತ್ತಿದರು.

"ಗುರುಪ್ರಸಾದ ಸರ್, ನಾ ನಬಿಸಾಬ್. ಕಮಲಾಪುರದಾಗ ಶಿವಲಿಂಗನ ಸೆಟ್ಟಿನ ಮುಂದ ಕುಂತೀನಿ. ನಾ ಇವತ್ತ ಇನ್ನಾ ಬಾಯಿ ತಗದಿಲ್ಲ. ಯಾವ ಸಂಗತಿ ಚಲೋ ಇತ್ರಿ? ಓವರ್."

ಗುರುಪ್ರಸಾದರು ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿ ಕೊಳೆಯಂತೆ ಕೂತಿದೆ. "ಆಹಾ, ಚೇಷ್ಟೆ ಮಾಡಿದ್ರಿ ನಬಿಸಾಬ್! ನೋಡ್ರಿ, ನಿಮ್ಮ ಮನಸಿಗೆ ಬ್ಯಾಸರ ಆಗಬಾರದು ಅಂತ... ನೀವು ಹಿರ್ಯಾರು. ಗೌರವದ ಮಾತು ಅದು. ಓವರ್."

"ಗೌರವ ಇರಲ್ರಿ. ನನ್ನ ಸೆಟ್ ಎಂದಿನಿಂದ ಹೋಗ್ಯಾದ? ಅಷ್ಟ ಹೇಳ್ರಿ. ಓವರ್."

"ಮಳೆಗಾಲದಿಂದ ಇರಬೇಕು," ಎಂದರು ಗುರುಪ್ರಸಾದರು. ಪರ್ವೇಜ್ ರಮಜಾನಿಗಿಂತ ಮೊದಲೇ ಎಂದ. ಅಣವೀರಪ್ಪ, ತಾನು ಆ ಹೊತ್ತಿಗೆ ಯಾವಾಗಲೂ ಆವಾಜು ಸಣ್ಣಗೆ ಮಾಡಿ ಸ್ನಾನಕ್ಕೆ ಹೋಗುತ್ತೇನೆ, ತನಗೆ ಗೊತ್ತಿಲ್ಲ ಎಂದ. ಅದನ್ನು ಹೇಳಲು ಅವನಿಗೆ ನಾಚಿಕೆಯೂ ಆಗಲಿಲ್ಲ. ಯಾವ ರವಿವಾರ ಕೇಳುವುದು ನಿಂತಿತು ಎಂದು ಹೇಳಬೇಕಾದರೆ ಅದರ ಹಿಂದಿನ ರವಿವಾರ ಒಬ್ಬನಾದರೂ ಕೇಳಿರಬೇಕು. ಹಾಗೆ ಕೇಳಿದವನು ಒಬ್ಬನೂ ಇರಲಿಲ್ಲ. ಶಾಲು ಹೊದಿಸಿದ ದಿನ ಸೆಟ್ ನೆಟ್ಟಗಿತ್ತೋ ಇಲ್ಲವೋ ಅದೂ ಗೊತ್ತಾಗಲಿಲ್ಲ.

ನಬಿಸಾಬರು ಮೈಕನ್ನು ಮೆಲ್ಲಗೆ ಇಟ್ಟರು. ಒರೆಸಿದ ಕರ್ಚೀಫನ್ನು ಕಿಸೆಗೆ ಹಾಕಿಕೊಳ್ಳದೆ ಅಲ್ಲೇ ಬಿಟ್ಟರು. ಮಲ್ಲಿಕಾ ಉಪ್ಪಿಟ್ಟು ಮಾಡಿದ್ದಳು. "ಉಣ್ಣವ್ವಾ ನೀನು. ನನಗ ಬ್ಯಾಡ," ಎಂದು ಚಪ್ಪಲಿ ಮೆಟ್ಟಿದರು.

ಬಸ್ಸಿನಲ್ಲಿ ನಾನು ಆ ಮಂದಿಯನ್ನು ಬೈದೆ. ಹೆಸರು ಹಿಡಿದು ಬೈದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು. ಊರು ಹತ್ತಿರ ಬಂದಾಗ ಹೇಳಿದರು: "ನಾನೂ ಕೊಟ್ಟೀನಿ ಅಕ್ಕಾ. ಬೀದರದಾಗ ಒಬ್ರು ಮುದುಕ್ರು ಇದ್ರು. ಅವರ ಮಾತು ನನಗ ಒಂದಿನಾನೂ ಸರೀ ತಿಳದಿಲ್ಲ. ಅವರು ಸಾಯೂತನಾ ಫೈವ್ ನೈನ್ ಕೊಟ್ಟೆ. ಚಲೋ ಮನುಷ್ಯಾ ಅನಿಸಿಕೊಂಡೆ."

ಆ ಹೊತ್ತಿಗೆ ನನಗೆ ಅವರ ಮೇಲೂ ಅಸಹ್ಯ ಬಂತು. ಮುಚ್ಚಿಡಲಿಲ್ಲ. "ಥೂ, ನೀವೂ ಅವರಂಥವರ," ಎಂದೆ. "ಹೌದು," ಎಂದರು.

ಎರಡು ರವಿವಾರ ಸೆಟ್ ಬಂದ್ ಇತ್ತು. ಇಕ್ಬಾಲ್ ಬೇಗಂ ತಾನೇ ಚಹಾ ಮಾಡಿ ಮುಂದಿಟ್ಟರೆ, ಆರಿ ಕೆನೆ ಕಟ್ಟಿದ ಮೇಲೆ ಕುಡಿಯುತ್ತಿದ್ದರು. ಆಮೇಲೆ ಶಿವಲಿಂಗ ಬಂದ. ಮಲ್ಲಿಕಾ ಅಟ್ಟಿದ್ದಳು. ತಲೆ ತಗ್ಗಿಸಿಕೊಂಡು ಸೆಟ್ ಒಯ್ದು, ಒಳಗೆ ಸುಟ್ಟ ಭಾಗ ಬದಲಿಸಿ, ತಂದು ಹಚ್ಚಿ ಕೊಟ್ಟ. ಪೂರ್ತಿ ಮೊದಲಿನ ಹಾಗೆ ಆಗಿಲ್ಲ, ಸೆಟ್ ಹಳೆಯದು ಎಂದು ಹೇಳಿ ಹೋದ. ಗುರುಪ್ರಸಾದರು ಬರಲಿಲ್ಲ, ಫೋನ್ ಮಾಡಿದರು. ಗೌರವದ ವಿಷಯವನ್ನೇ ಮತ್ತೆ ಹೇಳಿದರಂತೆ.

ಮುಂದಿನ ರವಿವಾರ ನಾನು ಗೋಡೆಯ ಹತ್ತಿರ ನಿಂತಿದ್ದೆ. ನಬಿಸಾಬರು ಕಿಟಕಿ ತೆರೆದಿಟ್ಟು ಓದಿದರು. ಕ್ಲಬ್ಬಿನ ಸುದ್ದಿ ಎರಡು ಮಾತಿನಲ್ಲಿ ಮುಗಿಸಿದರು. ಆಮೇಲೆ ನಾಡಿನ ಸಂಗತಿ: ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆ ಇದೆ, ದೇವಾನಾಂಪ್ರಿಯ ಎಂದು ಊರೂರಿನ ಬಂಡೆಗಳ ಮೇಲೆ ಬರೆಸಿದ ರಾಜನ ಹೆಸರು ಅಶೋಕ ಎಂಬುದು ಮೊದಲು ಆ ಬಂಡೆಯಿಂದಲೇ ತಿಳಿಯಿತು. ಮುಗಿಸಿದ ಮೇಲೆ ಮುಟ್ಟಿತೇನ್ರಿ ಎಂದು ಕೇಳಲಿಲ್ಲ. "ಏನ ಕೇಳಿದ್ರಿ, ತಿರುಗಿ ಹೇಳ್ರಿ. ಓವರ್," ಎಂದರು.

ಗುರುಪ್ರಸಾದರು "ಫೈವ್ ನೈನ್" ಎಂದು ಹೇಳಿ, ಸಂಗತಿ ಬಿಟ್ಟು ಬೇರೆ ಮಾತಿಗೆ ಹೋದರು. ಬಾಯಿಚಟ ಎಲ್ಲಿ ಬಿಡುತ್ತದೆ? ಅಣವೀರಪ್ಪ ಅವತ್ತು ಬರಲೇ ಇಲ್ಲ, ಆಮೇಲೂ ಬಂದಿಲ್ಲ. ಪರ್ವೇಜ್ ಏನೋ ಕೆಮ್ಮಿ ಹೋದ. ನನಗೆ ಒಳಗೆ ಹೋಗಿಬಿಡೋಣ ಅನಿಸಿತು. ಆಗ ಕಮಲಾಪುರದ ಧ್ವನಿ ಬಂತು.

"ನಬಿಸಾಬ್ರೆ, ಮೂರು ಎರಡು. ಭಾಳ ಸಣ್ಣ ಬರಾಕತ್ತೀರಿ. ಮಸ್ಕಿ ಅಂದಿದ್ದು, ಬಂಡೆ ಅಂದಿದ್ದು ತಿಳೀತು. ಮುಂದ ಹೆಸರಂದ್ರಿ, ಯಾರ ಹೆಸರೋ ತಿಳಿಲಿಲ್ರಿ. ಓವರ್."

ನಬಿಸಾಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ತಿಳಿಲಿಲ್ಲಾ? ತಡಿ ತಮ್ಮಾ," ಎಂದು ಗುಂಡಿ ಒತ್ತಿ, ಬಿಟ್ಟುಹೋದ ಭಾಗವನ್ನು ಮೊದಲಿನಿಂದ, ಒಂದೊಂದೇ ಶಬ್ದ ಬಿಡಿಸಿ, ಬೇಳೆ ಮಿಲ್ಲಿನ ಗದ್ದಲದಲ್ಲೂ ಕೇಳುವಷ್ಟು ಜೋರಾಗಿ ಓದತೊಡಗಿದರು.